ಮೇಜು ಯಾವ ಮನೆಯದು?

ಮನೆಯಲ್ಲಿ ಮಕ್ಕಳು ಬರೆಯುವುದು ಮೇಜಿನ ಮೇಲೆ. ಸದನದಲ್ಲಿ ಸದಸ್ಯರು ಮೆಚ್ಚುಗೆಗೆ ಕುಟ್ಟುವುದೂ ಮೇಜನ್ನೇ. 1930ರಿಂದ 1932ರವರೆಗೆ ಲಂಡನ್ನಿನಲ್ಲಿ ನಡೆದ ಮಾತುಕತೆಗಳನ್ನು ಕನ್ನಡ ಪತ್ರಿಕೆಗಳು ‘ದುಂಡುಮೇಜಿನ ಪರಿಷತ್ತು’ ಎಂದೇ ಕರೆಯುತ್ತ ಬಂದಿವೆ. ಔತಣಕ್ಕೆ ‘ಮೇಜವಾನಿ’ ಎನ್ನುವವರೂ ಇದ್ದಾರೆ. ಇಷ್ಟು ಬಳಕೆಯಲ್ಲಿರುವ ಈ ಪದದ ಮೂಲವನ್ನು ಒಂದು ಪಕ್ಷ ಪೋರ್ಚುಗೀಸಿನಲ್ಲಿ ಕಾಣುತ್ತದೆ, ಇನ್ನೊಂದು ಪಕ್ಷ ಪಾರಸಿಯಲ್ಲಿ. ಎರಡೂ ವಾದಗಳಲ್ಲಿ ತಿರುಳಿದೆ.

ಪೋರ್ಚುಗೀಸ್ ಪಕ್ಷ ಮೊದಲು ವಸ್ತುವನ್ನೇ ಮುಂದಿಡುತ್ತದೆ. ಮಣೆಯ ಮೇಲೆ ಕುಳಿತು ಎಲೆಯಲ್ಲಿ ಉಣ್ಣುತ್ತಿದ್ದ, ಚಕ್ಕಳಮಕ್ಕಳ ಹಾಕಿ ಲೆಕ್ಕ ಬರೆಯುತ್ತಿದ್ದ ಮನೆಗಳಿಗೆ ಎತ್ತರದ ಕಾಲಿನ ಹಲಗೆ ಬೇಕಿರಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಚಾವಿ, ಬಟಾಟೆಯಂಥ ಪದಗಳು ಕರಾವಳಿಯ ಮಾತಿಗೆ ಸೇರಿದವು. ಅವರ ‘ಮೆಜ಼’ವೂ ಹಾಗೆಯೇ ಬಂದಿರಬಹುದು. ಗೋವೆಯ ವಿದ್ವಾಂಸ ಸೆಬಾಸ್ತಿಯಾಂವ್ ರೊದಾಲ್ಫೊ ದಾಲ್ಗಾದೊ ಏಷ್ಯಾದ ಭಾಷೆಗಳಲ್ಲಿರುವ ಪೋರ್ಚುಗೀಸ್ ಪದಗಳ ಬಗ್ಗೆ 1913ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪದಕ್ಕೂ ಸ್ಥಾನವಿದೆ.

ಪಾರಸಿ ಪಕ್ಷದ ಬಲವಿರುವುದು ಪದದ ರೂಪದಲ್ಲಿ. ‘ಬಟಾಟ’ ಕನ್ನಡದಲ್ಲಿ ‘ಬಟಾಟೆ’ಯಾಯಿತು, ಅದೇ ಜಾಡಿನಲ್ಲಿ ಪೋರ್ಚುಗೀಸ್ ಪದ ‘ಮೇಜೆ’ ಆಗಬೇಕಿತ್ತು. ಪಾರಸಿಯ ‘ಜ಼ೋರ್’ ಮಾತ್ರ ‘ಜೋರು’ ಆಯಿತು, ‘ಜ಼ಮೀನ್’ ‘ಜಮೀನು’ ಆಯಿತು. ‘ಮೇಜ಼್’ ಎಂಬುದು ‘ಮೇಜು’ ಆಗುವುದು ಈ ಸಾಲಿಗೆ ಸಹಜವಾಗಿ ಹೊಂದುತ್ತದೆ. ಬಿಜಾಪುರದ ಆದಿಲ್‌ಶಾಹಿ ದರಬಾರಿನಿಂದ ಹೈದರ್, ಟಿಪ್ಪು ಅವರ ಕಚೇರಿಗಳವರೆಗೆ ಪಾರಸಿ ಆಡಳಿತದ ಭಾಷೆಯಾಗಿತ್ತು ಎಂಬುದನ್ನೂ ಮರೆಯಲಾಗದು.

ಇದಕ್ಕೆ ಮೊದಲ ಪಕ್ಷದ ಬಳಿ ಉತ್ತರವಿಲ್ಲದೆ ಇಲ್ಲ. ಪದ ನೇರವಾಗಿ ಬರದೆ ಕೊಂಕಣಿಯ ಮೂಲಕ ಬಂದಿರಬಹುದಲ್ಲವೇ? ಪೋರ್ಚುಗೀಸಿನ ‘ಜನೇಲ’ ಅಲ್ಲಿ ಕೊನೆಯ ಸ್ವರ ಕಳೆದುಕೊಂಡು ‘ಜನೇಲ್’ ಆಗಿದೆ. ಮೇಜಿಗೂ ಅಲ್ಲಿ ‘ಮೇಜ್’ ಎನ್ನುತ್ತಾರೆ. ಅದಕ್ಕೆ ಕನ್ನಡ ಉಕಾರ ಸೇರಿಸಿದ್ದರೆ ರೂಪದ ಆಕ್ಷೇಪ ಬಹುಮಟ್ಟಿಗೆ ಸಡಿಲವಾಗುತ್ತದೆ. ತಮಿಳಿನ ‘ಮೇಸೈ’, ಮಲಯಾಳದ ‘ಮೇಶ’ ಕೂಡ ಪೋರ್ಚುಗೀಸ್ ರೂಪಕ್ಕೇ ಹತ್ತಿರವಾಗಿವೆ.

ಆದರೆ ‘ಮೇಜವಾನಿ’ ಮತ್ತೆ ತಕ್ಕಡಿಯನ್ನು ಇನ್ನೊಂದು ಕಡೆಗೆ ವಾಲಿಸುತ್ತದೆ. ಅದರ ಹಿಂದಿರುವುದು ಪಾರಸಿಯ ‘ಮೇಜ಼್‌ಬಾನ್’, ಅಂದರೆ ಅತಿಥಿಯನ್ನು ಸತ್ಕರಿಸುವವನು. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕಿಂತ ಬಹಳ ಹಿಂದೆಯೇ ಆ ಪದ ಪಾರಸಿಯಲ್ಲಿತ್ತು. ಹಾಗೆಂದು ವಾದ ಇಲ್ಲಿಗೇ ಮುಗಿಯದು. ಔತಣದ ಪದ ಪಾರಸಿಯದಾದ ಮಾತ್ರಕ್ಕೆ ಮರದ ಸಾಮಾನಿನ ಹೆಸರೂ ಅಲ್ಲಿಂದಲೇ ಬಂದಿರಬೇಕೆಂಬ ನಿಯಮವಿಲ್ಲ. ಪೋರ್ಚುಗೀಸ್ ಪದ ಲ್ಯಾಟಿನ್ನಿನ ‘ಮೆನ್ಸಾ’ದಿಂದ ಬಂದದ್ದು, ಪಾರಸಿ ಪದದ ವಂಶವೇ ಬೇರೆ. ಎರಡೂ ಧ್ವನಿಯಲ್ಲಿ, ಅರ್ಥದಲ್ಲಿ ಹತ್ತಿರ ಬಂದದ್ದು ಆಕಸ್ಮಿಕ. ತೊಡಕಿನ ಮೂಲವೂ ಅದೇ.

ನಿಘಂಟುಕಾರನ ಇಕ್ಕಟ್ಟು ಇಲ್ಲಿ ಅರ್ಥವಾಗುತ್ತದೆ. ಒಂದೇ ಮೂಲ ಬರೆದರೆ ವಿದ್ಯಾರ್ಥಿಗೆ ಸುಲಭ, ಆದರೆ ಕರಾವಳಿಯ ಚರಿತ್ರೆಯೋ ಬಯಲುಸೀಮೆಯ ಚರಿತ್ರೆಯೋ ಮರೆಯಾಗುತ್ತದೆ. ಎರಡನ್ನೂ ಸಮವಾಗಿ ಬರೆದರೆ ನ್ಯಾಯವೆನಿಸುತ್ತದೆ, ಆದರೆ ಪುರಾವೆಗಳ ತೂಕ ಸಮವಾಗಿದೆ ಎಂಬ ತಪ್ಪು ಭಾವನೆ ಹುಟ್ಟಬಹುದು.

ಒಂದು ನಡುದಾರಿ ಹೆಚ್ಚು ಸಮಂಜಸವೆಂದು ತೋರುತ್ತದೆ. ‘ಮೇಜವಾನಿ’ಯನ್ನು ಪಾರಸಿಯದೆಂದು ಸಂಕೋಚವಿಲ್ಲದೆ ಬರೆಯಬಹುದು. ‘ಮೇಜಿ’ಗೂ ಪದದ ರೂಪ ಮತ್ತು ಆಡಳಿತದ ಚರಿತ್ರೆ ನೋಡಿ ಪಾರಸಿಯನ್ನೇ ಮೊದಲಿಗೆ ಇಟ್ಟು, ಕರಾವಳಿಯಲ್ಲಿ ಪೋರ್ಚುಗೀಸ್ ಪದ ಕೊಂಕಣಿಯ ಕೈಹಿಡಿದು ಬಂದು ಅದರೊಡನೆ ಬೆರೆತಿರಬಹುದೆಂದು ಜೊತೆಗೇ ದಾಖಲಿಸಬಹುದು. ಕಚೇರಿಯಿಂದ ಬಂದ ಪದವೂ ಬಂದರಿನಿಂದ ಬಂದ ಪದವೂ ಒಂದೇ ಮನೆ ಸೇರಿದ್ದರೆ, ಒಂದನ್ನು ಹೊರಗೆ ನಿಲ್ಲಿಸುವ ಅಗತ್ಯ ಬಹುಶಃ ಇಲ್ಲ.