ಕಂಪನಿಯನ್ನು ಅಣಕಿಸಬಹುದು, ಸರ್ಕಾರವನ್ನು?

‘ಬ್ಲ್ಯಾಕ್ ಮಿರರ್’ ಸರಣಿಯ ‘ಜೋನ್ ಈಸ್ ಆಫುಲ್’ (2023) ನನಗೆ ತುಂಬಾ ಇಷ್ಟವಾದ ಕಂತು. ಷರತ್ತು ಓದದೆ ಒಪ್ಪಿಕೊಂಡ ಹೆಣ್ಣೊಬ್ಬಳ ಬದುಕನ್ನೇ ಸ್ಟ್ರೀಮಿಂಗ್ ಕಂಪನಿಯೊಂದು ಶೋ ಮಾಡಿಬಿಡುತ್ತೆ. ಆ ಕಂಪನಿ ನೋಡೋಕೆ ಥೇಟ್ ನೆಟ್‌ಫ್ಲಿಕ್ಸ್. ಕಂತು ತೋರಿಸಿದ್ದೂ ನೆಟ್‌ಫ್ಲಿಕ್ಸೇ. 2025ರ ‘ಕಾಮನ್ ಪೀಪಲ್’ನಲ್ಲಂತೂ ಹೆಂಡತಿಯ ಮಿದುಳು ಚಂದಾ ಮೇಲೆ ನಡೆಯುತ್ತೆ. ದುಬಾರಿ ಪ್ಲಾನ್ ಹಾಕಿಸದಿದ್ದರೆ ಅವಳ ಬಾಯಿಂದಲೇ ಜಾಹೀರಾತು!

ಇದು ಧೈರ್ಯವಾ? ನನಗೆ ಹಾಗನಿಸಲ್ಲ. ತನ್ನನ್ನೇ ಗೇಲಿ ಮಾಡಿಕೊಂಡರೆ ಕಂಪನಿಗೇನೂ ನಷ್ಟವಿಲ್ಲ. ಆ ನಗುವಿಗೂ ದುಡ್ಡು ಕೊಡೋದು ನಾವೇ. ನಿಜವಾದ ಪರೀಕ್ಷೆ ಇರುವುದು ಅಧಿಕಾರದ ಎದುರು.

2019ರಲ್ಲಿ ಇದೇ ನೆಟ್‌ಫ್ಲಿಕ್ಸ್ ‘ಲೈಲಾ’ ತಂದಿತ್ತು. ಪ್ರಯಾಗ್ ಅಕ್ಬರ್ ಕಾದಂಬರಿ ಆಧರಿಸಿದ ಆರು ಕಂತುಗಳು. 2040ರ ದಶಕದ ‘ಆರ್ಯಾವರ್ತ’, ಸಮುದಾಯಗಳ ನಡುವೆ ಗೋಡೆ, ನೀರಿಗೆ ಹಾಹಾಕಾರ, ಮಗಳನ್ನು ಹುಡುಕುವ ತಾಯಿ. ಕಥೆ ಮುಗಿದಿರಲಿಲ್ಲ, ಎರಡನೇ ಸೀಸನ್ ಬರಲೂ ಇಲ್ಲ.

2021ರ ಜನವರಿಯಲ್ಲಿ ಅಮೆಜಾನ್‌ನ ‘ತಾಂಡವ್’ ಮೇಲೆ ಎಫ್‌ಐಆರ್‌ಗಳು ಬಿದ್ದವು. ತಂಡ ಕ್ಷಮೆ ಕೇಳಿ ದೃಶ್ಯ ಬದಲಿಸಿತು. ಮರುತಿಂಗಳೇ ಕೇಂದ್ರ ಸರ್ಕಾರ ಹೊಸ ಐಟಿ ನಿಯಮಗಳನ್ನು ತಂದು ಒಟಿಟಿಗಳನ್ನೂ ಅದರಡಿ ಸೇರಿಸಿತು. ಅಲ್ಲಿಂದೀಚೆಗೆ ‘ಲೈಲಾ’ದಷ್ಟು ನೇರವಾಗಿ ನಮ್ಮ ರಾಜಕೀಯದ ನಾಳೆಯನ್ನು ಕೆಣಕುವ ಭಾರತೀಯ ಸೈ-ಫೈ ಸರಣಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಸೈ-ಫೈ ಅಂದ್ರೆ ಬರೀ ರೋಬೋಟ್, ರಾಕೆಟ್ ಅಲ್ಲ. ಈಗಿನ ದಾರಿ ಎಲ್ಲಿಗೆ ಒಯ್ಯುತ್ತೆ ಅಂತ ಮೊದಲೇ ತೋರಿಸೋ ಕಥೆ ಅದು. ಪರದೇಶದ ಕೆಟ್ಟ ನಾಳೆಗಳನ್ನಷ್ಟೇ ನೋಡ್ತಾ ಕೂತರೆ, ನಮ್ಮದು ಬಾಗಿಲಿಗೆ ಬಂದಾಗ ಗುರುತು ಹಿಡಿಯೋದು ಹೇಗೆ?