ಮಗಳು ರೇಸ್‌ಗೆ ಹೋಗ್ತೀನಿ ಅಂದ್ರೆ...

"ಅಕ್ಕಾ, ಇವಳಿಗೆ ನೀವಾದ್ರೂ ಬುದ್ಧಿ ಹೇಳಿ" ಅಂತ ಪಕ್ಕದ ಮನೆಯಾಕೆ ಮಗಳನ್ನು ಕರೆತಂದರು. ಹುಡುಗಿಗೆ ಬೈಕ್ ರೇಸ್ ಹುಚ್ಚು. ಕೊಳ್ಳೇಗಾಲದಲ್ಲಿದ್ದುಕೊಂಡು ಇದೆಂಥ ಆಸೆ ಎಂದು ನನಗೂ ಅನ್ನಿಸಿದ್ದು ನಿಜ.

ಆಗ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ನೆನಪಾದರು. 2018ರಲ್ಲಿ ಸ್ಪೇನ್‌ನ ಬಾಹಾ ರೇಸಿನಲ್ಲಿ ಬಿದ್ದು ಅವರ ಮೇದೋಜೀರಕ ಗ್ರಂಥಿಗೇ ಪೆಟ್ಟಾಗಿತ್ತು. ಮರುವರ್ಷ, 2019ರಲ್ಲಿ, ಅದೇ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯೆ!

ಪೆಟ್ಟು ಬೀಳಲ್ಲ ಅಂತ ನಾನು ಹೇಳಲ್ಲ. ಖರ್ಚೂ ಕಮ್ಮಿಯಲ್ಲ, ಗಾಡಿ, ಟಯರು, ತರಬೇತಿ, ಓಡಾಟ ಎಲ್ಲಕ್ಕೂ ಪ್ರಾಯೋಜಕರು ಸಿಗೋವರೆಗೆ ಮನೆಯ ದುಡ್ಡೇ ಆಗಬೇಕು. ಆದರೆ ಹನೂರು ದಾಟಿ ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಹೆಲ್ಮೆಟ್ ಇಲ್ಲದೆ ಮೂವರು ಕೂತು ಹೋಗೋ ಗಂಡುಹುಡುಗರಿಗೆ ನಾವು ಏನಂತೀವಿ? ರೇಸ್ ಟ್ರ್ಯಾಕ್‌ನಲ್ಲಾದರೆ ಹೆಲ್ಮೆಟ್, ಲೈಸೆನ್ಸ್ ಇಲ್ಲದೆ ಒಳಗೇ ಬಿಡೋದಿಲ್ಲ, ಆಂಬುಲೆನ್ಸೂ ನಿಂತಿರುತ್ತೆ.

ತಾಯಂದಿರೇ, "ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ" ಅನ್ನೋದನ್ನು ಸ್ವಲ್ಪ ಪಕ್ಕಕ್ಕಿಡಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಮ್ಮೆ ಕರೆದುಕೊಂಡು ಹೋಗಿ, ನೀವೂ ನೋಡಿ. ಡಿಗ್ರಿ ಬಿಡಬಾರದು, ರಸ್ತೇಲಿ ಸ್ಪೀಡ್ ಮಾಡಬಾರದು ಅಂತ ಖಡಾಖಂಡಿತವಾಗಿ ಷರತ್ತು ಹಾಕಿ.

ಪಕ್ಕದ ಮನೆಯಾಕೆ ಇನ್ನೂ ಒಪ್ಪಿಲ್ಲ. ಹುಡುಗಿ ಹೆಲ್ಮೆಟ್‌ಗೆ ದುಡ್ಡು ಕೂಡಿಡ್ತಾ ಇದ್ದಾಳೆ.