ಸರ್ಕಾರ ಬೇಡ ಅನ್ನುವವರಿಗೆ ಗಡಿಯಲ್ಲಿ ಮಾತ್ರ ಸರ್ಕಾರ ಯಾಕೆ ಬೇಕು?

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು ಅಮೃತಸರದಲ್ಲಿ ಇಳಿಯಿತು. ಅದರಲ್ಲಿ 104 ಮಂದಿ ಭಾರತೀಯರಿದ್ದರು. ಹಲವರ ಕೈಗೆ ಕೋಳ, ಕಾಲಿಗೆ ಸರಪಳಿ. ಆ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ನನಗೆ ಕಳಿಸಿದವನು ಡಿಗ್ರಿಯಲ್ಲಿ ನನ್ನ ಜೊತೆ ಓದಿದ ಗೆಳೆಯ. ಈಗ ಟೆಕ್ಸಾಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ವಿಡಿಯೊ ಕೆಳಗೆ ಒಂದೇ ಸಾಲು ಬರೆದಿದ್ದ: 'ಹಿಂಗೇ ಆಗ್ಬೇಕು ಇವ್ರಿಗೆ.'

ಇದೇ ಗೆಳೆಯ ವರ್ಷಗಳಿಂದ ನನಗೆ ಇನ್ನೊಂದು ಪಾಠ ಹೇಳುತ್ತಿದ್ದಾನೆ. 'ಸರ್ಕಾರ ಅನ್ನೋದೇ ರೋಗ ಕಣೋ. ತೆರಿಗೆ ಅಂದ್ರೆ ಕಳ್ಳತನ. ಸಬ್ಸಿಡಿ, ಲೈಸೆನ್ಸ್, ರೇಷನ್ ಎಲ್ಲ ತೆಗೀಬೇಕು. ನಾನು ಲಿಬರ್ಟೇರಿಯನ್.'

ಲಿಬರ್ಟೇರಿಯನ್ ಅಂದರೆ ಇಷ್ಟೇ: ನನ್ನ ದೇಹ ನನ್ನದು, ನನ್ನ ದುಡಿಮೆ ನನ್ನದು, ಬೇರೆಯವರಿಗೆ ಹೊಡೆಯದೆ, ಮೋಸ ಮಾಡದೆ ಬದುಕುವವನ ತಂಟೆಗೆ ಸರ್ಕಾರ ಬರಬಾರದು. ಅಮೆರಿಕದಲ್ಲಿ 1971ರಿಂದ ಇವರದ್ದೊಂದು ಪಕ್ಷವೂ ಇದೆ. ಚುನಾವಣೆಯಲ್ಲಿ ಗೆಲ್ಲುವುದು ಅಪರೂಪ. ಆದರೆ ಇವರ ಮಾತು ರಿಪಬ್ಲಿಕನ್ ಪಕ್ಷದೊಳಗೆ ಬಹಳ ಓಡುತ್ತದೆ. ಯೂಟ್ಯೂಬ್ ಮೂಲಕ ಈಗ ನಮ್ಮ ಹುಡುಗರ ಬಾಯಿಗೂ ಬಂದಿದೆ.

ಈ ವಿಚಾರದ ಬಗ್ಗೆ ನನ್ನ ತಕರಾರಿಲ್ಲ. ಅರ್ಧ ಹಿಡಿದು ಅರ್ಧ ಬಿಡುವವರ ಬಗ್ಗೆ ಇದೆ.

ಕ್ಯಾಲಿಫೋರ್ನಿಯಾದ ಒಬ್ಬ ರೈತನಿಗೆ ಹಣ್ಣು ಕೀಳಲು ಆಳು ಬೇಕು ಅಂದುಕೊಳ್ಳಿ. ಮೆಕ್ಸಿಕೊದ ಒಬ್ಬನಿಗೆ ಕೂಲಿ ಬೇಕು. ಇಬ್ಬರೂ ಒಪ್ಪಿದ್ದಾರೆ. ಯಾರೂ ಯಾರಿಗೂ ಮೋಸ ಮಾಡಿಲ್ಲ. ಇವರಿಬ್ಬರ ನಡುವೆ ಬಂದೂಕು ಹಿಡಿದು ನಿಂತಿರುವುದು ಯಾರು? ಸರ್ಕಾರ. ಅದೂ ಸಣ್ಣ ಸರ್ಕಾರವಲ್ಲ. 1986ರ ಕಾನೂನಿನ ಪ್ರಕಾರ ಹೊಸದಾಗಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬನೂ, ಅಲ್ಲೇ ಹುಟ್ಟಿದವನೂ, ಮಾಲೀಕನಿಗೆ ಕಾಗದ ತೋರಿಸಬೇಕು. ಗಡಿಯಿಂದ 100 ಮೈಲಿ ಒಳಗಿನವರೆಗೂ ಗಡಿ ಪೊಲೀಸರು ಬಸ್ಸು, ರೈಲು ಹತ್ತಿ ವಿಚಾರಿಸಬಹುದು. ಅದರ ಮೇಲೆ ಗೋಡೆ, ಬಂಧನ ಕೇಂದ್ರ, ಸೇನಾ ವಿಮಾನ. ಇದಕ್ಕೆಲ್ಲ ಹಣ ಎಲ್ಲಿಂದ? ಗೆಳೆಯ 'ಕಳ್ಳತನ' ಅನ್ನುವ ಅದೇ ತೆರಿಗೆಯಿಂದ.

'ಅವರು ಕಾನೂನು ಮುರಿದು ನುಗ್ಗಿದರಲ್ಲ' ಅಂತ ಅವನ ಉತ್ತರ. ನಿಜ, ಮುರಿದರು. ಆದರೆ ತೆರಿಗೆಯೂ ಕಾನೂನೇ, ಲೈಸೆನ್ಸೂ ಕಾನೂನೇ. ಅಲ್ಲಿ ಕಾನೂನೇ ತಪ್ಪು ಅನ್ನುವವನು ಇಲ್ಲಿ ಕಾನೂನೇ ದೇವರು ಅಂದರೆ ಹೇಗೆ?

ಪ್ರಾಮಾಣಿಕ ಲಿಬರ್ಟೇರಿಯನ್ನರು ಇದನ್ನು ಒಪ್ಪಿದ್ದಾರೆ. ಅರ್ಥಶಾಸ್ತ್ರಜ್ಞ ಬ್ರಯಾನ್ ಕ್ಯಾಪ್ಲನ್ ಗಡಿಗಳನ್ನು ತೆರೆಯಬೇಕು ಅಂತ 2019ರಲ್ಲಿ ಚಿತ್ರಕಥೆಯ ಪುಸ್ತಕವನ್ನೇ ಬರೆದರು. ವಾಷಿಂಗ್ಟನ್ನಿನ ಕೇಟೊ ಇನ್‌ಸ್ಟಿಟ್ಯೂಟ್ ವಲಸಿಗರ ಪರವಾಗಿ ವರ್ಷಗಳಿಂದ ಅಂಕಿಅಂಶ ಇಟ್ಟು ವಾದಿಸುತ್ತಿದೆ.

ಇನ್ನೊಂದು ಗುಂಪು ಹಿಂದೆ ಸರಿಯಿತು. ಮಿಲ್ಟನ್ ಫ್ರೀಡ್‌ಮನ್ ಹೇಳಿದ್ದು, ಸರ್ಕಾರಿ ಸವಲತ್ತು ಇರುವ ದೇಶದಲ್ಲಿ ಮುಕ್ತ ವಲಸೆ ನಡೆಯದು ಅಂತ. ಹಾಗಾದರೆ ಸವಲತ್ತಿಗೆ ಬೇಲಿ ಹಾಕಿ, ಮನುಷ್ಯನಿಗೆ ಯಾಕೆ? 1996ರ ಕಾನೂನು ಆ ಬೇಲಿಯನ್ನು ಆಗಲೇ ಹಾಕಿದೆ. ಗ್ರೀನ್ ಕಾರ್ಡ್ ಪಡೆದು ಬಂದ ಹೆಚ್ಚಿನವರಿಗೂ ಕೇಂದ್ರದ ಹಲವು ಸವಲತ್ತುಗಳು ಮೊದಲ 5 ವರ್ಷ ಇಲ್ಲ.

ಮರ್ರೆ ರಾತ್‌ಬಾರ್ಡ್ ಮೊದಲು ಮುಕ್ತ ಗಡಿಯ ಪರ ಇದ್ದವರು, 1994ರ ಹೊತ್ತಿಗೆ ಮಾತು ಬದಲಿಸಿದರು. ಅವರ ಶಿಷ್ಯ ಹಾನ್ಸ್ ಹರ್ಮನ್ ಹೋಪ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದರು. ದೇಶ ಅನ್ನುವುದು ಅಲ್ಲಿನ ತೆರಿಗೆದಾರರ ಸ್ವಂತ ಆಸ್ತಿಯ ಹಾಗೆ, ಕರೆಯದವರು ಒಳಗೆ ಬರುವಂತಿಲ್ಲ ಅನ್ನುವುದು ಇವರ ವಾದದ ಸಾರ. ಹೋಪ ತಾವೇ ಜರ್ಮನಿಯಲ್ಲಿ ಹುಟ್ಟಿ, ಲಾಸ್ ವೇಗಸ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು! ಅದಿರಲಿ, ವಾದವನ್ನೇ ನೋಡಿ. ಇಡೀ ದೇಶ ಒಂದು ಮನೆಯಾದರೆ ಬಾಗಿಲ ಕೀಲಿ ಸರ್ಕಾರದ ಕೈಯಲ್ಲಿರುತ್ತದೆ. ಕ್ಯಾಲಿಫೋರ್ನಿಯಾದ ರೈತ ತನ್ನ ಹೊಲಕ್ಕೆ ತಾನೇ ಆಳು ಕರೆಯುವಂತಿಲ್ಲ. ಸರ್ಕಾರವೇ ಯಜಮಾನ ಅಂತ ಒಪ್ಪಿದ ಮೇಲೆ ಅದು ಬಾಡಿಗೆ ಕೇಳಿದರೆ, ಅಂದರೆ ತೆರಿಗೆ ಕೇಳಿದರೆ, ಕೂಗುವುದೇಕೆ?

ಈಗ ಬಣ್ಣದ ವಿಷಯಕ್ಕೆ ಬರೋಣ. ಅಮೆರಿಕದ ಗಡಿಗೆ ಮೊದಲಿನಿಂದಲೂ ಬಣ್ಣವಿತ್ತು. 1790ರ ಕಾನೂನು ಬಿಳಿಯರಿಗೆ ಮಾತ್ರ ಪೌರತ್ವ ಅಂದಿತು. 1882ರಲ್ಲಿ ಚೀನಾದ ಕಾರ್ಮಿಕರನ್ನು ತಡೆದರು. 1917ರಲ್ಲಿ ಭಾರತವೂ ಸೇರಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿದರು. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 'ನೀನು ಬಿಳಿಯನಲ್ಲ' ಅಂತ ಅವರಿಗೆ ಪೌರತ್ವ ಇಲ್ಲವೆಂದಿತು. 1946ರಲ್ಲಿ ಬಾಗಿಲು ತೆರೆದಾಗಲೂ ಇಡೀ ಭಾರತಕ್ಕೆ ವರ್ಷಕ್ಕೆ 100 ಜನ. ಅದು ಸಡಿಲವಾದದ್ದು 1965ರಲ್ಲಿ. ನನ್ನ ಗೆಳೆಯ ಟೆಕ್ಸಾಸಿನಲ್ಲಿ ಕೂತಿರುವುದು ಆ ಕಾನೂನಿನ ದೆಸೆಯಿಂದ.

ಒಳಗಿನ ಬಣ್ಣಭೇದದಲ್ಲೂ ಸರ್ಕಾರದ ಪಾಲು ದೊಡ್ಡದು. ಇಲ್ಲಿ ಲಿಬರ್ಟೇರಿಯನ್ನರು ಹೇಳುವುದು ಸರಿ. ರೈಲಿನಲ್ಲಿ ಕಪ್ಪು ಜನರಿಗೆ ಬೇರೆ ಡಬ್ಬಿ ಇಡಲೇಬೇಕು ಅಂತ ಲೂಸಿಯಾನದ ಸರ್ಕಾರ 1890ರಲ್ಲಿ ಕಾನೂನು ಮಾಡಿತು, 1896ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1930ರ ದಶಕದಲ್ಲಿ ಸರ್ಕಾರಿ ನಕ್ಷೆಗಳು ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಮನೆಸಾಲ ಅಪಾಯ ಅಂದವು. 1986ರ ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್‌ಗೂ 500 ಗ್ರಾಂ ಕೊಕೇನ್ ಪುಡಿಗೂ ಒಂದೇ ಶಿಕ್ಷೆ, ಕನಿಷ್ಠ 5 ವರ್ಷ ಜೈಲು. ಕ್ರ್ಯಾಕ್ ಕೇಸಿನಲ್ಲಿ ಒಳಗೆ ಹೋದವರಲ್ಲಿ ಹೆಚ್ಚಿನವರು ಕಪ್ಪು ಜನ.

ಆದರೆ ಅವರು ಎಡವುದೂ ಇಲ್ಲೇ. 1964ರ ನಾಗರಿಕ ಹಕ್ಕು ಕಾಯ್ದೆ ಹೋಟೆಲು, ಅಂಗಡಿಗಳಲ್ಲಿ ಬಣ್ಣ ನೋಡಿ ತಡೆಯುವಂತಿಲ್ಲ ಅಂದಾಗ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ವಿರುದ್ಧ ಮತ ಹಾಕಿದರು. ಅಂಗಡಿ ಮಾಲೀಕನ ಸ್ವಾತಂತ್ರ್ಯ ಅನ್ನುವುದು ಅವರ ಕಾರಣಗಳಲ್ಲೊಂದು. ವ್ಯಾಪಾರವೇ ಇದನ್ನು ಸರಿಮಾಡುತ್ತದೆ ಅಂತ ಈಗಲೂ ಕೆಲವರು ಹೇಳುತ್ತಾರೆ. 1960ರಲ್ಲಿ ಗ್ರೀನ್ಸ್‌ಬರೊದ ವೂಲ್‌ವರ್ತ್ ಅಂಗಡಿಯ ಊಟದ ಕಟ್ಟೆಯಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಪಟ್ಟುಹಿಡಿದು ಕೂತರು. ಚಳವಳಿ ಬೆಳೆಯಿತು, ಅಂಗಡಿ ನಷ್ಟ ತಿಂದು ಆರು ತಿಂಗಳಲ್ಲಿ ಬದಲಾಯಿತು. ಸರಿ, ಒಂದು ಅಂಗಡಿ. ಅಟ್ಲಾಂಟದ ಒಂದು ಮೋಟೆಲಿನ ಮಾಲೀಕ ಕಾಯ್ದೆ ಬಂದ ಮೇಲೂ ಒಳಗೆ ಬಿಡುವುದಿಲ್ಲ ಅಂತ ಸುಪ್ರೀಂ ಕೋರ್ಟಿಗೇ ಹೋಗಿ ಸೋತ. ಬೇರೆ ಲೋಟದಲ್ಲಿ ಚಹಾ ಕೊಟ್ಟದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲಿನ ಬಾಗಿಲನ್ನು 1950ರಲ್ಲೇ ಎಲ್ಲರಿಗೂ ತೆರೆಯಿತು.

ಲೆಕ್ಕ ಹಾಕಿ ನೋಡಿ. ಕಪ್ಪು ಮನುಷ್ಯನಿಗೆ ಅಂಗಡಿಯಲ್ಲಿ ಜಾಗ ಕೊಡಿಸಲು ಸರ್ಕಾರ ಬಂದರೆ ದಬ್ಬಾಳಿಕೆ. ಕಂದು ಮನುಷ್ಯನಿಗೆ ಕೋಳ ಹಾಕಲು ಬಂದರೆ ಭದ್ರತೆ. 2022ರಲ್ಲಿ ರೀನೊ ಊರಿನ ಸಮಾವೇಶದಲ್ಲಿ ಲಿಬರ್ಟೇರಿಯನ್ ಪಕ್ಷ ತನ್ನ ಧ್ಯೇಯಪತ್ರದಿಂದ ಜನಾಂಗದ್ವೇಷದಂಥ ಅಸಹನೆಯನ್ನು ಖಂಡಿಸುವ ಸಾಲನ್ನೇ ತೆಗೆಯಿತು. ತೆಗೆಯುವ ಅಗತ್ಯ ಯಾರಿಗಿತ್ತು?

ಗೆಳೆಯನಿಗೆ ನಾನು ಬರೆದದ್ದು ಇಷ್ಟು: 'ನೀನು ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ವರ್ಷಗಳಾದವು. ಯಾಕೆ? ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ಕ್ಕಿಂತ ಹೆಚ್ಚು ಇಲ್ಲ ಅನ್ನುವ ಸರ್ಕಾರಿ ನಿಯಮದಿಂದ. ನಿನ್ನ ಕೆಲಸ ನೋಡಲಿಲ್ಲ, ಹುಟ್ಟಿದ ಜಾಗ ನೋಡಿದರು. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಒಂದು ಸಹಿಯಿಂದ ಹೊಸ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಬಿತ್ತು. ನಿನ್ನ ತಮ್ಮ ಬರಬೇಕೆಂದರೆ ಯಾವ ಕಂಪನಿ ಅಷ್ಟು ಕಟ್ಟುತ್ತದೆ? ಆ ವಿಮಾನದಲ್ಲಿ ಬಂದವರಿಗೂ ನಿನಗೂ ಅಂತರ ಒಂದು ಕಾಗದದ್ದು ಕಣೋ. ಆ ಕಾಗದ ನೀನು ಬೇಡ ಅನ್ನುವ ಸರ್ಕಾರದ್ದೇ.'

ನೀಲಿ ಗೆರೆ ಬಿದ್ದಿದೆ. ಉತ್ತರ ಬಂದಿಲ್ಲ.

ನಿಮ್ಮ ಗ್ರೂಪಿನಲ್ಲೂ 'ಸರ್ಕಾರ ಬೇಡ' ಅನ್ನುವವರು ಸಿಕ್ಕೇ ಸಿಗುತ್ತಾರೆ. ಜಗಳ ಬೇಡ. ಒಂದೇ ಪ್ರಶ್ನೆ ಕೇಳಿ: ಯಾರಿಗೆ ಬೇಡ, ಯಾರ ಮೇಲೆ ಬೇಕು?